ಮನೆಯಲ್ಲಿ ಪ್ರಿಆಂಪ್ ಜೋಡಿಸುವುದು ಹೇಗೆ? ಮಲೆನಾಡಿನವರಿಗೆ ಹಂತ ಹಂತವಾಗಿ

ಹಳೆಯ ಸ್ಟೀರಿಯೋ ಸೆಟ್ಟುಗಳನ್ನು ಅಟ್ಟದಿಂದ ಇಳಿಸಿ ಒರೆಸುವವರು ನಮ್ಮ ಕಡೆ ಈಗ ಜಾಸ್ತಿಯಾಗಿದ್ದಾರೆ. ಅಪ್ಪನ ಕಾಲದ ಕ್ಯಾಸೆಟ್ ಡೆಕ್, ಅಜ್ಜ ಜೋಪಾನ ಮಾಡಿದ ಗ್ರಾಮಫೋನ್ ತಟ್ಟೆಗಳು, ಇವಕ್ಕೆ ಜೊತೆಯಾಗಿ ಹೊಸದೋ ಹಳೆಯದೋ ಒಂದು ಪ್ರಿಆಂಪ್. ಆಮೇಲೆ ಒಂದೇ ಪ್ರಶ್ನೆ ಬರುತ್ತದೆ. ಸಾಗರದಿಂದ ಬಂದರೂ ಅದೇ, ಶೃಂಗೇರಿಯಿಂದ ಬಂದರೂ ಅದೇ: "ವೈರೆಲ್ಲ ಚುಚ್ಚಿದ್ದಾಯ್ತು, ಸ್ಪೀಕರಿನಲ್ಲಿ ಗುಂಯ್ ಅನ್ನುತ್ತದೆ, ಹಾಡು ಬರುತ್ತಿಲ್ಲ. ಏನು ಮಾಡಲಿ?"

ಬಹುಪಾಲು ಸಲ ಪ್ರಿಆಂಪ್ ಕೆಟ್ಟಿರುವುದಿಲ್ಲ. ಐದಾರು ವೈರುಗಳನ್ನು ಒಟ್ಟಿಗೆ ಚುಚ್ಚಿ ಸ್ವಿಚ್ ಹಾಕಿರುತ್ತಾರೆ. ತಪ್ಪು ಯಾವ ವೈರಿನಲ್ಲಿದೆ ಎಂದು ಆಗ ಯಾರಿಗೂ ತಿಳಿಯುವುದಿಲ್ಲ. ಅದಕ್ಕೆ ಈ ಲೇಖನದುದ್ದಕ್ಕೂ ಒಂದೇ ನಿಯಮ ಹಿಡಿದು ಹೋಗೋಣ. ಒಂದು ವೈರು ಹಾಕಿ, ಕೇಳಿ ನೋಡಿ, ಸರಿ ಇದ್ದರೆ ಮಾತ್ರ ಮುಂದಿನದು. ಒಂದು ಸಂಜೆ ಪೂರ್ತಿ ಬೇಕಾಗಬಹುದು. ಬೇಕಾಗಲಿ.

ಮೊದಲು, ಪ್ರಿಆಂಪ್ ಅಂದರೆ ಏನು

ಸಿಡಿ ಪ್ಲೇಯರ್, ಟೇಪ್, ಟಿವಿ, ಮೊಬೈಲು, ತಟ್ಟೆ ತಿರುಗಿಸುವ ಟರ್ನ್‌ಟೇಬಲ್ ಇವೆಲ್ಲ ಹಾಡಿನ ಮೂಲಗಳು. ಸ್ಪೀಕರನ್ನು ಅಲುಗಾಡಿಸುವ ಶಕ್ತಿ ಕೊಡುವುದು ಪವರ್ ಆಂಪ್. ಇವೆರಡರ ನಡುವೆ ಕೂರುವುದು ಪ್ರಿಆಂಪ್. ಕೆರೆಯ ತೂಬು ಇದ್ದ ಹಾಗೆ: ಯಾವ ಕಾಲುವೆಗೆ ಎಷ್ಟು ನೀರು ಎಂದು ತೀರ್ಮಾನ ಮಾಡುವುದು ಇದೇ. ಯಾವ ಮೂಲ ಕೇಳಬೇಕು, ಎಷ್ಟು ಜೋರು, ಬಾಸ್ ಅಂದರೆ ಕೆಳದನಿ ಎಷ್ಟು, ಟ್ರೆಬಲ್ ಅಂದರೆ ಮೇಲುದನಿ ಎಷ್ಟು ಎಲ್ಲ ಇಲ್ಲೇ ಆಗುತ್ತದೆ. ಸ್ಪೀಕರಿಗೆ ಬೇಕಾದ ಶಕ್ತಿ ಇದರಲ್ಲಿ ಇಲ್ಲ. ಹಾಗಾಗಿ ಸ್ಪೀಕರ್ ವೈರನ್ನು ನೇರ ಪ್ರಿಆಂಪಿಗೆ ಹಚ್ಚಿದರೆ ಕೆಲಸ ಆಗುವುದಿಲ್ಲ.

ಪ್ರಿ ಮತ್ತು ಪವರ್ ಎರಡೂ ಒಂದೇ ಡಬ್ಬದಲ್ಲಿದ್ದರೆ ಅದನ್ನು ಇಂಟಿಗ್ರೇಟೆಡ್ ಆಂಪ್ ಎನ್ನುತ್ತಾರೆ. ನಿಮ್ಮ ಮನೆಯಲ್ಲಿರುವುದು ಅದೇ ಆಗಿದ್ದರೆ ಬೇರೆ ಪ್ರಿಆಂಪ್ ಕೊಳ್ಳುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಕೊಂಡು ಬಿಡುವ ಮುಂಚೆ ಡಬ್ಬದ ಹಿಂಬದಿ ನೋಡಿ. ಸ್ಪೀಕರ್ ವೈರು ಕಚ್ಚಿಸುವ ಕ್ಲಿಪ್ಪುಗಳೂ ಇವೆ, ಮುಂದೆ ಮೂಲ ಆರಿಸುವ ನಾಬೂ ಇದೆ ಎಂದರೆ ಅದು ಇಂಟಿಗ್ರೇಟೆಡ್. ಇನ್ನು ಕೆಲವು ಸ್ಪೀಕರುಗಳ ಒಳಗೇ ಪವರ್ ಆಂಪ್ ಇರುತ್ತದೆ. ಅವಕ್ಕೆ ಆ್ಯಕ್ಟಿವ್ ಸ್ಪೀಕರ್ ಎಂದು ಹೆಸರು. ಪ್ರಿಆಂಪಿನಿಂದ ವೈರು ನೇರ ಅವಕ್ಕೇ ಹೋಗುತ್ತದೆ, ಬೇರೆ ಪವರ್ ಆಂಪ್ ಬೇಡ.

ಬೇಕಾಗುವ ಸಾಮಾನು

ಆರ್‌ಸಿಎ ವೈರುಗಳು, ಒಂದೊಂದು ಮೂಲಕ್ಕೆ ಒಂದು ಜೋಡಿ. ಪವರ್ ಆಂಪಿಗೆ ಇನ್ನೊಂದು ಜೋಡಿ. ತುದಿಯಲ್ಲಿ ಒಂದು ಕೆಂಪು, ಒಂದು ಬಿಳಿ ಅಥವಾ ಕಪ್ಪು ಇರುವ, ಟಿವಿ ಅಂಗಡಿಯಲ್ಲೂ ಸಿಗುವ ವೈರು ಇದೇ. ಕೆಂಪು ಬಲಕ್ಕೆ, ಇನ್ನೊಂದು ಎಡಕ್ಕೆ. ಉದ್ದ ಒಂದು ಮೀಟರ್ ಇದ್ದರೆ ಸಾಕು. ಸಾವಿರಾರು ರೂಪಾಯಿಯ ವೈರು ಬೇಡವೇ ಬೇಡ. ಪಿನ್ನು ಬಿಗಿಯಾಗಿ ಕೂರಬೇಕು, ಸುತ್ತಲಿನ ಜಾಲರಿ ಚೆನ್ನಾಗಿರಬೇಕು, ಅಷ್ಟೇ ನೋಡಿ. ಜೊತೆಗೆ ಒಂದು ಟಾರ್ಚು, ಹೆಸರು ಬರೆದು ಅಂಟಿಸಲು ಕಾಗದದ ಟೇಪು, ಒಂದು ಮಲ್ಟಿಮೀಟರ್. ಮಲ್ಟಿಮೀಟರ್ ಬಳಸಿ ಅಭ್ಯಾಸವಿಲ್ಲ ಎಂದರೆ ಎರಡನೇ ಹಂತಕ್ಕೆ ಎಲೆಕ್ಟ್ರಿಷಿಯನ್ನನ್ನು ಕರೆಯಿರಿ.

1. ಜಾಗ ಆರಿಸಿ

ಹೊರಗೋಡೆಗೆ ತಾಗಿಸಿ ಇಡಬೇಡಿ. ಮಳೆಗಾಲದಲ್ಲಿ ನಮ್ಮ ಹೊರಗೋಡೆಗಳು ತೇವ ಎಳೆದುಕೊಂಡು ನಿಲ್ಲುತ್ತವೆ. ಒಳಗೋಡೆಯ ಪಕ್ಕ, ನೆಲದಿಂದ ಮೇಲೆ, ಕಪಾಟಿನ ಹಿಂದೆ ಗಾಳಿಯಾಡುವಂತೆ ಇಡಿ. ಪ್ರಿಆಂಪ್ ಮತ್ತು ಪವರ್ ಆಂಪ್ ಒಂದರ ಮೇಲೊಂದು ಬೇಡ. ಪವರ್ ಆಂಪಿನೊಳಗೆ ದೊಡ್ಡ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಅದರ ಸುತ್ತಲಿನ ಕಾಂತಕ್ಷೇತ್ರ ಪ್ರಿಆಂಪಿಗೆ ಗುಂಯ್ ಸದ್ದು ತುಂಬುತ್ತದೆ. ಮೇಲಾಗಿ ಬಿಸಿ. ಅರ್ಧ ಮೀಟರ್ ಅಂತರ ಇದ್ದರೆ ಒಳ್ಳೆಯದು.

ಟರ್ನ್‌ಟೇಬಲ್ ಇದ್ದವರು ಇನ್ನೊಂದು ವಿಷಯ ಗಮನಿಸಿ. ಹಲಗೆ ಹಾಸಿದ ಉಪ್ಪರಿಗೆಯಲ್ಲಿ ಯಾರಾದರೂ ನಡೆದರೆ ಮುಳ್ಳು ಕುಣಿಯುತ್ತದೆ. ಅಂಥ ಮನೆಗಳಲ್ಲಿ ನೆಲದ ಮೇಲಿನ ಸ್ಟ್ಯಾಂಡಿಗಿಂತ ಗೋಡೆಗೆ ಬಡಿದ ಗಟ್ಟಿ ಹಲಗೆ ವಾಸಿ.

2. ಕರೆಂಟು ಮತ್ತು ಅರ್ಥಿಂಗ್ ನೋಡಿ

ಇದನ್ನು ಎಲ್ಲರೂ ಹಾರಿಸಿಬಿಡುತ್ತಾರೆ. ದಯವಿಟ್ಟು ನೀವು ಹಾರಿಸಬೇಡಿ.

ಮೊದಲು ಯಂತ್ರದ ಹಿಂಬದಿಯ ವೋಲ್ಟೇಜ್ ಓದಿ. ನಮ್ಮದು 230 ವೋಲ್ಟ್, 50 ಹರ್ಟ್ಸ್. ಜಪಾನಿನ ಒಳಮಾರುಕಟ್ಟೆಗೆ ಮಾಡಿದ್ದು 100 ವೋಲ್ಟಿನದು, ಅಮೆರಿಕದ್ದು 120. ವಿದೇಶದಿಂದ ನೆಂಟರು ತಂದುಕೊಟ್ಟ ಸೆಟ್ಟನ್ನು ಸುಮ್ನೆ ಗೋಡೆಗೆ ಚುಚ್ಚಿದರೆ ಒಂದು ಕ್ಷಣದಲ್ಲಿ ಹೋಗುತ್ತದೆ. ಕೆಲವು ಹಳೆ ಸೆಟ್ಟುಗಳ ಹಿಂದೆ ವೋಲ್ಟೇಜ್ ಬದಲಿಸುವ ಚಿಕ್ಕ ಸ್ವಿಚ್ ಇರುತ್ತದೆ. ಅದು 220, 230 ಅಥವಾ 240ರ ಕಡೆಗಿದೆಯೇ ನೋಡಿ. ಸ್ವಿಚ್ ಇಲ್ಲದಿದ್ದರೆ ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು. 100 ವೋಲ್ಟಿನ ಯಂತ್ರಕ್ಕೆ 100 ವೋಲ್ಟ್ ಕೊಡುವುದನ್ನೇ ಕೇಳಿ ತನ್ನಿ.

ಈಗ ಅರ್ಥಿಂಗ್. ಮೂರು ತೂತಿನ ಪ್ಲಗ್ಗಿನಲ್ಲಿ ಮೇಲಿನ ದಪ್ಪ ತೂತು ಅರ್ಥಿನದು. ಹಳೆ ಮನೆಗಳಲ್ಲಿ ಆ ತೂತು ಇರುತ್ತದೆ, ಅದರ ಹಿಂದೆ ವೈರೇ ಇರುವುದಿಲ್ಲ. ಮೀಟರಿನಲ್ಲಿ ಮೂರು ಅಳತೆ ತೆಗೆಯಿರಿ. ಫೇಸ್ ಮತ್ತು ನ್ಯೂಟ್ರಲ್ ನಡುವೆ 230ರ ಆಸುಪಾಸು ಬರಬೇಕು. ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್ ಇದ್ದರೆ ಸರಿ. ಹತ್ತಾರು ವೋಲ್ಟ್ ತೋರಿಸಿದರೆ ಅರ್ಥಿಂಗ್ ಇಲ್ಲ, ಅಥವಾ ನ್ಯೂಟ್ರಲ್ ಸಡಿಲವಾಗಿದೆ ಎಂದು ಲೆಕ್ಕ.

ಅರ್ಥ್ ಇಲ್ಲದ ಕಡೆ ನ್ಯೂಟ್ರಲಿನಿಂದ ಒಂದು ತುಂಡು ವೈರು ಎಳೆದು ಅರ್ಥಿನ ತೂತಿಗೆ ಸಿಕ್ಕಿಸುವ ಪದ್ಧತಿ ಇದೆ. ಇದು ಜೀವಕ್ಕೆ ಅಪಾಯ. ಕಂಬದಿಂದ ಬರುವ ನ್ಯೂಟ್ರಲ್ ಎಂದಾದರೂ ಕಡಿದರೆ ನಿಮ್ಮ ಆಂಪಿನ ಲೋಹದ ಮೈಗೆಲ್ಲ 230 ವೋಲ್ಟ್ ಬರುತ್ತದೆ. ಗಾಳಿಮಳೆಗೆ ಮರ ಬಿದ್ದು ವೈರು ಕಡಿಯುವುದು ನಮ್ಮಲ್ಲಿ ಅಪರೂಪ ಅಲ್ಲ. ಅರ್ಥಿಂಗ್ ಗುಂಡಿಯನ್ನೇ ಸರಿಮಾಡಿಸಿ. ಗುಂಡಿ ಇದ್ದವರು ಬೇಸಿಗೆಯಲ್ಲಿ ಅದಕ್ಕೆ ಆಗಾಗ ನೀರು ಹಾಕಿ. ಒಣಗಿದ ನೆಲ, ಅದರಲ್ಲೂ ಜಂಬಿಟ್ಟಿಗೆ ಕಲ್ಲಿನ ನೆಲ, ಕರೆಂಟನ್ನು ಸರಿಯಾಗಿ ಇಳಿಸಿಕೊಳ್ಳುವುದಿಲ್ಲ.

ಇನ್ವರ್ಟರ್ ಇರುವವರಿಗೆ ಒಂದು ಮಾತು. ಕಡಿಮೆ ಬೆಲೆಯ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಟ್ರಾನ್ಸ್‌ಫಾರ್ಮರ್ ಜುಯ್ ಎನ್ನುತ್ತದೆ, ಆ ಸದ್ದು ಸ್ಪೀಕರಿಗೂ ಬರುತ್ತದೆ. ಸೈನ್ ವೇವ್ ಇನ್ವರ್ಟರ್ ಆದರೆ ತೊಂದರೆ ಇಲ್ಲ. ಪ್ರಿಆಂಪ್ ಎಳೆಯುವ ಕರೆಂಟು ತೀರಾ ಕಡಿಮೆ, ಭಾರ ಹಾಕುವುದು ಪವರ್ ಆಂಪ್.

3. ಹಿಂಬದಿಯನ್ನು ಓದಿ

ಟಾರ್ಚು ಹಿಡಿದು ಹಿಂದಿನ ತೂತುಗಳ ಹೆಸರು ಒಂದೊಂದಾಗಿ ಓದಿ. ಹೆಚ್ಚಾಗಿ ಇರುವುದು ಇವು.

ಸಿಡಿ, ಟ್ಯೂನರ್, ಆಕ್ಸ್: ಮೂರೂ ಒಂದೇ ಜಾತಿ. ಇವನ್ನು ಲೈನ್ ಇನ್‌ಪುಟ್ ಎನ್ನುತ್ತಾರೆ. ಹೆಸರು ಏನೇ ಇರಲಿ, ಸಿಡಿ, ಟಿವಿ, ಮೊಬೈಲು, ರೇಡಿಯೋ ಯಾವುದನ್ನಾದರೂ ಯಾವುದಕ್ಕಾದರೂ ಚುಚ್ಚಬಹುದು.

ಫೋನೋ: ಇದು ಬೇರೆಯೇ ಜಾತಿ. ಟರ್ನ್‌ಟೇಬಲಿಗೆ ಮಾತ್ರ. ಸಿಡಿ ಪ್ಲೇಯರ್ ಹೆಚ್ಚೆಂದರೆ 2 ವೋಲ್ಟ್ ಕೊಡುತ್ತದೆ. ತಟ್ಟೆಯ ಮುಳ್ಳಿನ ಹಿಂದಿರುವ ಕಾರ್ಟ್ರಿಜ್ ಕೊಡುವುದು ಬರೀ 3ರಿಂದ 5 ಮಿಲಿವೋಲ್ಟ್. ಹಾಗಾಗಿ ಫೋನೋ ತೂತಿನ ಹಿಂದೆ ನೂರು ಪಟ್ಟು ಹಿಗ್ಗಿಸುವ ಸರ್ಕ್ಯೂಟ್ ಇರುತ್ತದೆ. ಸಿಡಿಯನ್ನೋ ಮೊಬೈಲನ್ನೋ ಇಲ್ಲಿಗೆ ಚುಚ್ಚಿದರೆ ಹಾಡು ಒಡೆದು, ಬಾಸ್ ಉಬ್ಬಿ, ಕೇಳಲಾಗದ ಹಾಗೆ ಬರುತ್ತದೆ.

ಟೇಪ್ ಔಟ್ ಅಥವಾ ರೆಕ್ ಔಟ್, ಟೇಪ್ ಇನ್ ಅಥವಾ ಮಾನಿಟರ್: ಇವು ಕ್ಯಾಸೆಟ್ ಡೆಕ್ಕಿಗೆ. ರೆಕ್ ಔಟಿನ ಮೇಲೆ ವಾಲ್ಯೂಮ್ ನಾಬಿಗೆ ಹಿಡಿತ ಇಲ್ಲ, ಯಾವಾಗಲೂ ಪೂರ್ತಿ ಮಟ್ಟದಲ್ಲೇ ಹೊರಬರುತ್ತದೆ. ಅದನ್ನು ತಪ್ಪಿ ಪವರ್ ಆಂಪಿಗೆ ಚುಚ್ಚಿದರೆ ಸ್ಪೀಕರ್ ಸುಡಬಹುದು.

ಪ್ರಿ ಔಟ್, ಮೇನ್ ಔಟ್ ಅಥವಾ ಬರೀ ಔಟ್‌ಪುಟ್: ಪವರ್ ಆಂಪಿಗೆ ಹೋಗಬೇಕಾದ್ದು ಇದೊಂದೇ.

ಇಂಟಿಗ್ರೇಟೆಡ್ ಆಂಪುಗಳಲ್ಲಿ ಪ್ರಿ ಔಟ್ ಮತ್ತು ಮೇನ್ ಇನ್ ನಡುವೆ ಯು ಆಕಾರದ ಎರಡು ಲೋಹದ ಕೊಂಡಿ ಇರಬಹುದು. ಒರೆಸುವಾಗ ಕಿತ್ತು ಎತ್ತಿಟ್ಟು, ಆಮೇಲೆ ಸದ್ದೇ ಬರುತ್ತಿಲ್ಲ ಎನ್ನುವವರಿದ್ದಾರೆ. ಹೊರಗಿನ ಪ್ರಿಆಂಪನ್ನು ಮೇನ್ ಇನ್‌ಗೆ ಕೊಡುವುದಾದರೆ ಮಾತ್ರ ಅವನ್ನು ತೆಗೆಯಬೇಕು. ತೆಗೆದರೆ ಒಂದು ಪೊಟ್ಟಣ ಕಟ್ಟಿ ಯಂತ್ರದ ಜೊತೆಗೇ ಇಡಿ.

4. ಪ್ರಿಆಂಪಿನಿಂದ ಪವರ್ ಆಂಪಿಗೆ

ಎರಡೂ ಯಂತ್ರಗಳ ಪ್ಲಗ್ಗು ಗೋಡೆಯಿಂದ ಹೊರಗಿರಲಿ. ಪ್ರಿ ಔಟಿನ ಬಲದಿಂದ ಪವರ್ ಆಂಪಿನ ಬಲಕ್ಕೆ, ಎಡದಿಂದ ಎಡಕ್ಕೆ ವೈರು ಹಾಕಿ. ಪಿನ್ನು ಹಿಡಿದು ಸ್ವಲ್ಪ ತಿರುಗಿಸುತ್ತ ಒತ್ತಿ. ತೆಗೆಯುವಾಗಲೂ ಪಿನ್ನೇ ಹಿಡಿಯಬೇಕು, ವೈರು ಹಿಡಿದು ಎಳೆಯಬಾರದು.

ಪವರ್ ಆಂಪ್ ಆನ್ ಇರುವಾಗ ಆರ್‌ಸಿಎ ಪಿನ್ನು ಹಾಕುವುದೂ ಬೇಡ, ತೆಗೆಯುವುದೂ ಬೇಡ. ಈ ಪಿನ್ನಿನಲ್ಲಿ ನಡುವಿನ ಕಡ್ಡಿ ಮೊದಲು ತಾಗುತ್ತದೆ, ಸುತ್ತಲಿನ ಗ್ರೌಂಡ್ ಆಮೇಲೆ. ಆ ನಡುವಿನ ಕ್ಷಣದಲ್ಲಿ ಸ್ಪೀಕರ್ ಢಬ್ ಎಂದು ಹೊಡೆದುಕೊಳ್ಳುತ್ತದೆ. ಟ್ವೀಟರ್, ಅಂದರೆ ಸಣ್ಣ ದನಿ ಹೊರಡಿಸುವ ಚಿಕ್ಕ ಸ್ಪೀಕರ್, ಹೀಗೇ ಹೋಗುವುದು.

ದೊಡ್ಡ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ತೂತು ಎರಡೂ ಯಂತ್ರಗಳಲ್ಲಿದ್ದರೆ ಅದನ್ನೇ ಬಳಸಿ. ಉದ್ದ ವೈರಿನಲ್ಲಿ ಗುಂಯ್ ಸದ್ದು ಅದರಲ್ಲಿ ಕಡಿಮೆ. ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಆರ್‌ಸಿಎಯೇ ಸಾಕು.

ವಾಲ್ವ್ ಪ್ರಿಆಂಪ್, ಅಂದರೆ ಒಳಗೆ ಟ್ರಾನ್ಸಿಸ್ಟರಿನ ಬದಲು ಗಾಜಿನ ವಾಲ್ವುಗಳಿರುವುದು, ಇರುವವರು ಒಂದು ಲೆಕ್ಕ ನೋಡಿಕೊಳ್ಳಿ. ಪವರ್ ಆಂಪಿನ ಇನ್‌ಪುಟ್ ಇಂಪಿಡೆನ್ಸ್, ಅಂದರೆ ಅದು ಒಡ್ಡುವ ತಡೆ, ಪ್ರಿಆಂಪಿನ ಔಟ್‌ಪುಟ್ ಇಂಪಿಡೆನ್ಸಿಗಿಂತ ಕನಿಷ್ಠ 10 ಪಟ್ಟು ಇರಬೇಕು. ಇಲ್ಲದಿದ್ದರೆ ಬಾಸ್ ತೆಳ್ಳಗಾಗುತ್ತದೆ. ಎರಡೂ ಅಂಕಿ ಯಂತ್ರದ ಜೊತೆ ಬಂದ ಪುಸ್ತಕದಲ್ಲಿರುತ್ತವೆ. ಟ್ರಾನ್ಸಿಸ್ಟರ್ ಪ್ರಿಆಂಪುಗಳಲ್ಲಿ ಇದು ಅಷ್ಟಾಗಿ ಕಾಡುವುದಿಲ್ಲ.

5. ಆನ್ ಮಾಡುವ ಕ್ರಮ

ಬರೆದು ಕಪಾಟಿನ ಬಾಗಿಲಿಗೆ ಅಂಟಿಸಿ, ಮನೆಯ ಮಕ್ಕಳಿಗೂ ಹೇಳಿಕೊಡಿ. ಆನ್ ಮಾಡುವಾಗ ಮೊದಲು ಮೂಲ, ಆಮೇಲೆ ಪ್ರಿಆಂಪ್, ಕೊನೆಗೆ ಪವರ್ ಆಂಪ್. ಆಫ್ ಮಾಡುವಾಗ ಮೊದಲು ಪವರ್ ಆಂಪ್, ಸ್ವಲ್ಪ ಹೊತ್ತು ಬಿಟ್ಟು ಪ್ರಿಆಂಪ್, ಆಮೇಲೆ ಮೂಲ.

ಕಾರಣ ಸರಳ. ಪ್ರಿಆಂಪ್ ಎಚ್ಚರವಾಗುವಾಗ, ಮಲಗುವಾಗ ಅದರ ಔಟ್‌ಪುಟ್ಟಿನಲ್ಲಿ ಒಂದು ಹೊಡೆತ ಏಳುತ್ತದೆ. ಆಗ ಪವರ್ ಆಂಪ್ ಎದ್ದಿದ್ದರೆ ಆ ಹೊಡೆತ ಹತ್ತಾರು ಪಟ್ಟಾಗಿ ಸ್ಪೀಕರಿಗೆ ಹೋಗುತ್ತದೆ. ಕೆಲವು ಪ್ರಿಆಂಪುಗಳಲ್ಲಿ ಇದನ್ನು ತಡೆಯುವ ರಿಲೇ, ಅಂದರೆ ತಾನಾಗಿ ತಡವಾಗಿ ಬೀಳುವ ಸ್ವಿಚ್, ಇದೆ. ಆನ್ ಮಾಡಿದ ಕೆಲವು ಸೆಕೆಂಡಿನ ನಂತರ ಒಳಗೆ ಟಕ್ ಎಂದರೆ ಅದೇ, ಗಾಬರಿ ಬೇಡ.

ನಮ್ಮಲ್ಲಿ ಕರೆಂಟು ಹೋಗಿ ಬರುವುದು ಮಾಮೂಲಿ ಅಲ್ವಾ? ಹೋದ ಕೂಡಲೇ ಎದ್ದು ಪವರ್ ಆಂಪಿನ ಸ್ವಿಚ್ ಆಫ್ ಮಾಡಿ. ಬಂದಾಗ ಎಲ್ಲವೂ ಒಟ್ಟಿಗೆ ಏಳುವುದು ಸ್ಪೀಕರಿಗೂ ಒಳ್ಳೆಯದಲ್ಲ, ಯಂತ್ರಕ್ಕೂ ಒಳ್ಳೆಯದಲ್ಲ. ಬಂದು ಕೆಲವು ನಿಮಿಷ ನಿಂತ ಮೇಲೆ ಕ್ರಮವಾಗಿ ಶುರುಮಾಡಿ.

6. ಮೊದಲ ಸದ್ದು

ಯಾವ ಮೂಲವನ್ನೂ ಚುಚ್ಚದೆ, ವಾಲ್ಯೂಮ್ ಪೂರ್ತಿ ಕೆಳಗಿಟ್ಟು ಆನ್ ಮಾಡಿ. ಸ್ಪೀಕರಿನ ಹತ್ತಿರ ಕಿವಿ ಕೊಡಿ. ತೆಳ್ಳಗೆ ಬುಸ್ ಎಂದರೆ ಸರಿ. ಗುಂಯ್ ಎಂದರೆ ಇಲ್ಲೇ ನಿಲ್ಲಿ, 9ನೇ ಹಂತಕ್ಕೆ ಹೋಗಿ ಸರಿಮಾಡಿಕೊಂಡು ಬನ್ನಿ.

ಈಗ ಎಲ್ಲ ಆಫ್ ಮಾಡಿ, ಕ್ರಮದಲ್ಲಿ. ಒಂದೇ ಒಂದು ಮೂಲ ಜೋಡಿಸಿ. ಮೊಬೈಲ್ ಆದರೂ ಆದೀತು: 3.5 ಮಿಲಿಮೀಟರ್ ಪಿನ್ನಿನಿಂದ ಎರಡು ಆರ್‌ಸಿಎಗೆ ಒಡೆಯುವ ವೈರು ಸಿಗುತ್ತದೆ. ಅದನ್ನು ಆಕ್ಸಿಗೆ ಹಾಕಿ. ಮೊಬೈಲಿನ ವಾಲ್ಯೂಮ್ ಮುಕ್ಕಾಲಿಗಿಂತ ಮೇಲಿಟ್ಟು ಪ್ರಿಆಂಪಿನಲ್ಲಿ ಕಡಿಮೆ ಮಾಡಿಕೊಳ್ಳಿ. ತಿರುವುಮುರುವು ಮಾಡಿದರೆ ಹಾಡಿಗಿಂತ ಬುಸ್ ಸದ್ದೇ ಜಾಸ್ತಿ.

ಮುಂದಿನ ನಾಬಿನಲ್ಲಿ ಆಕ್ಸ್ ಆರಿಸಿ, ವಾಲ್ಯೂಮ್ ನಿಧಾನ ಏರಿಸಿ. ಸದ್ದು ಬರಲಿಲ್ಲವೇ? ಮೊದಲು ನೋಡಬೇಕಾದ್ದು ಟೇಪ್ ಮಾನಿಟರ್ ಬಟನ್. ಅದು ಒತ್ತಿದ್ದರೆ ಪ್ರಿಆಂಪ್ ಡೆಕ್ಕಿನ ಕಡೆಯಿಂದ ಸದ್ದು ಬರಲಿ ಎಂದು ಕಾಯುತ್ತಿರುತ್ತದೆ. ಡೆಕ್ಕೇ ಇಲ್ಲದಿದ್ದರೆ ಎಲ್ಲ ಮೌನ. "ಸೆಟ್ ಸತ್ತಿದೆ" ಎಂದು ರಿಪೇರಿಗೆ ಒಯ್ಯುವ ಎಷ್ಟೋ ಪ್ರಿಆಂಪುಗಳ ರೋಗ ಈ ಒಂದು ಬಟನ್. ಆಮೇಲೆ ಮ್ಯೂಟ್ ಬಟನ್ ನೋಡಿ.

ಸದ್ದು ಬಂದ ಮೇಲೆ ಎಡ ಬಲ ಸರಿ ಇದೆಯೇ ಎಂದು ಬ್ಯಾಲೆನ್ಸ್ ನಾಬನ್ನು ಒಂದೊಂದು ಬದಿಗೆ ತಿರುಗಿಸಿ ಕೇಳಿ. ಇನ್ನೊಂದು ಪರೀಕ್ಷೆ: ಮೋನೋ ಬಟನ್ ಒತ್ತಿ ಯಾರಾದರೂ ಮಾತಾಡುವ ಧ್ವನಿ ಹಾಕಿ. ಎರಡು ಸ್ಪೀಕರಿನ ಸರಿಯಾದ ನಡುವೆ ಕೂತು ಕೇಳಿದರೆ ದನಿ ನಡುವಿನಿಂದಲೇ ಬರಬೇಕು. ಎಲ್ಲಿಂದಲೋ ಚದುರಿದ ಹಾಗೆ ಬಂದು, ಬಾಸ್ ಮಾಯವಾಗಿದ್ದರೆ ಒಂದು ಸ್ಪೀಕರಿನ ಪ್ಲಸ್ ಮೈನಸ್ ಅದಲುಬದಲಾಗಿದೆ.

7. ಉಳಿದ ಮೂಲಗಳು

ಟಿವಿ: ಹೆಡ್‌ಫೋನ್ ಅಥವಾ ಆಡಿಯೋ ಔಟಿನಿಂದ ಆಕ್ಸಿಗೆ. ಟಿವಿಯಲ್ಲಿ ಆಪ್ಟಿಕಲ್ ಔಟ್ ಮಾತ್ರ ಇದ್ದರೆ ನಡುವೆ ಒಂದು ಡ್ಯಾಕ್ ಬೇಕು. ಅದು ಡಿಜಿಟಲ್ ಸಂಕೇತವನ್ನು ಸದ್ದಿನ ಸಂಕೇತಕ್ಕೆ ಬದಲಿಸುವ ಚಿಕ್ಕ ಡಬ್ಬ.

ಕ್ಯಾಸೆಟ್ ಡೆಕ್: ಡೆಕ್ಕಿನ ಲೈನ್ ಔಟ್ ಪ್ರಿಆಂಪಿನ ಟೇಪ್ ಇನ್‌ಗೆ. ರೆಕಾರ್ಡ್ ಮಾಡುವುದಾದರೆ ಪ್ರಿಆಂಪಿನ ರೆಕ್ ಔಟ್ ಡೆಕ್ಕಿನ ಲೈನ್ ಇನ್‌ಗೆ. ಹಳೆಯ ತಾಳಮದ್ದಲೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಬೇಕೆನ್ನುವವರು ಡೆಕ್ಕಿನ ಲೈನ್ ಔಟನ್ನು ಟೇಪ್ ಇನ್ ಬದಲು ಆಕ್ಸಿಗೆ ಹಾಕಿ, ಮುಂದೆ ಆಕ್ಸ್ ಆರಿಸಿ, ಇದೇ ರೆಕ್ ಔಟನ್ನು ಕಂಪ್ಯೂಟರಿನ ಲೈನ್ ಇನ್‌ಗೆ ಕೊಡಿ. ವಾಲ್ಯೂಮ್, ಬಾಸ್, ಟ್ರೆಬಲ್ ಎಷ್ಟೇ ತಿರುಗಿಸಿದರೂ ರೆಕಾರ್ಡಿಂಗಿಗೆ ಏನೂ ಆಗುವುದಿಲ್ಲ. ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯುವ ಮುಂಚೆ ಈ ಕೆಲಸ ಮಾಡಿಕೊಳ್ಳಿ. ಪ್ರತಿ ಮಳೆಗಾಲಕ್ಕೂ ಒಂದಷ್ಟು ಹೋಗುತ್ತವೆ, ಮತ್ತೆ ಸಿಗುವುದಿಲ್ಲ.

ಟರ್ನ್‌ಟೇಬಲ್: ಇಲ್ಲಿ ಸ್ವಲ್ಪ ನಿಧಾನ ಮಾಡೋಣ.

ತಟ್ಟೆ ಕೊರೆಯುವಾಗ ಬಾಸನ್ನು ಕುಗ್ಗಿಸಿ, ಟ್ರೆಬಲನ್ನು ಹಿಗ್ಗಿಸಿ ಕೊರೆದಿರುತ್ತಾರೆ. ಹಾಗೆ ಮಾಡದಿದ್ದರೆ ಬಾಸಿನ ಅಲೆ ಪಕ್ಕದ ಗೆರೆಗೆ ನುಗ್ಗುತ್ತದೆ. ಕೇಳುವಾಗ ಅದನ್ನು ತಿರುಗಿಸಿ ಮೊದಲಿನಂತೆ ಮಾಡಬೇಕು. ಇದಕ್ಕೆ 1954ರಿಂದ ಆರ್‌ಐಎಎ ಎನ್ನುವ ಒಂದೇ ಅಳತೆ ಬಳಕೆಗೆ ಬಂತು. ಹಿಗ್ಗಿಸುವುದರ ಜೊತೆಗೆ ಈ ಕೆಲಸವನ್ನೂ ಫೋನೋ ಸರ್ಕ್ಯೂಟೇ ಮಾಡುತ್ತದೆ. ನಿಮ್ಮ ಪ್ರಿಆಂಪಿನಲ್ಲಿ ಫೋನೋ ತೂತು ಇಲ್ಲದಿದ್ದರೆ ಫೋನೋ ಪ್ರಿಆಂಪ್ ಎಂಬ ಬೇರೆ ಚಿಕ್ಕ ಡಬ್ಬ ತಂದು, ಅದರ ಔಟನ್ನು ಆಕ್ಸಿಗೆ ಕೊಡಿ. ಹೊಸ ಟರ್ನ್‌ಟೇಬಲುಗಳಲ್ಲಿ ಅದು ಒಳಗೇ ಇರಬಹುದು. ಹಿಂದೆ ಫೋನೋ, ಲೈನ್ ಎಂಬ ಸ್ವಿಚ್ ಕಂಡರೆ ಇದೆ ಎಂದೇ ಅರ್ಥ. ಲೈನಿಗೆ ಇಟ್ಟರೆ ಆಕ್ಸಿಗೆ ಚುಚ್ಚಿ, ಫೋನೋಗೆ ಇಟ್ಟರೆ ಫೋನೋಗೆ ಚುಚ್ಚಿ. ಲೈನಿಗೆ ಇಟ್ಟು ಫೋನೋಗೆ ಚುಚ್ಚಿದರೆ ಎರಡೆರಡು ಸಲ ಹಿಗ್ಗಿ ಹಾಡು ಹರಿದುಹೋಗುತ್ತದೆ.

ಎಂಎಂ, ಎಂಸಿ ಎಂಬ ಇನ್ನೊಂದು ಸ್ವಿಚ್ ಇರಬಹುದು. ಕಾರ್ಟ್ರಿಜ್ಜಿನ ಎರಡು ಜಾತಿ ಇವು. ಎಂಎಂನಲ್ಲಿ ಅಯಸ್ಕಾಂತ ಅಲುಗುತ್ತದೆ, ಎಂಸಿಯಲ್ಲಿ ಸುರುಳಿ ಅಲುಗುತ್ತದೆ. ಎಂಸಿ ಸಾಮಾನ್ಯವಾಗಿ ಅರ್ಧ ಮಿಲಿವೋಲ್ಟೂ ಕೊಡುವುದಿಲ್ಲ. ಮನೆಗಳಲ್ಲಿರುವುದು ಬಹುತೇಕ ಎಂಎಂ. ಗೊತ್ತಿಲ್ಲದಿದ್ದರೆ ಎಂಎಂನಿಂದಲೇ ಶುರುಮಾಡಿ. ತೀರಾ ಮೆಲ್ಲಗೆ ಕೇಳಿದರೆ ಮಾತ್ರ ವಾಲ್ಯೂಮ್ ಇಳಿಸಿಕೊಂಡು ಎಂಸಿಗೆ ಹಾಕಿ ನೋಡಿ.

ಟರ್ನ್‌ಟೇಬಲಿನಿಂದ ಕೆಂಪು ಬಿಳಿ ಪಿನ್ನಿನ ಜೊತೆ ಒಂದು ತೆಳ್ಳನೆ ಒಂಟಿ ವೈರು ಬರುತ್ತದೆ. ಅದನ್ನು ಪ್ರಿಆಂಪಿನ ಹಿಂದಿನ ಗ್ರೌಂಡ್ ಸ್ಕ್ರೂಗೆ ಬಿಗಿಯಬೇಕು. ಬಿಟ್ಟರೆ ಜೋರು ಗುಂಯ್. ಈ ವೈರನ್ನು ಗೋಡೆಯ ಅರ್ಥಿಗೆ ಕೊಡಲು ಹೋಗಬೇಡಿ.

ಅಜ್ಜನ ಕಾಲದ 78ರ, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ, ತಟ್ಟೆಗಳಿದ್ದರೆ ಅವಕ್ಕೆ ಆಮೇಲಿನ ಕಾಲದ ಎಲ್‌ಪಿ ಮುಳ್ಳು ಹಾಕಬೇಡಿ. ಅವುಗಳ ಗೆರೆ ಅಗಲ, ಬೇರೆ ದಪ್ಪ ಮುಳ್ಳೇ ಬೇಕು. ಸ್ಪಿರಿಟ್ ಹಾಕಿ ಒರೆಸುವುದಂತೂ ಕೂಡದು. ಆ ಹಳೆ ತಟ್ಟೆಗಳು ಅರಗಿನಿಂದ ಮಾಡಿದ್ದು, ಸ್ಪಿರಿಟ್ಟಿಗೆ ಅರಗು ಕರಗುತ್ತದೆ.

8. ಮುಂದಿನ ನಾಬುಗಳು

ವಾಲ್ಯೂಮ್ ನಾಬನ್ನು ಗಡಿಯಾರದ ಮುಳ್ಳೆಂದುಕೊಂಡರೆ, ಸಾಮಾನ್ಯ ಕೇಳಿಕೆ 9ರಿಂದ 12 ಗಂಟೆಯ ನಡುವೆ ಬಂದರೆ ಚೆನ್ನ. ನಾಬು ಅರ್ಧಕ್ಕಿದೆ, ಹಾಗಾಗಿ ಆಂಪ್ ಅರ್ಧ ಶಕ್ತಿಯಲ್ಲಿದೆ ಎಂದುಕೊಳ್ಳಬೇಡಿ. ಎಷ್ಟೋ ಪವರ್ ಆಂಪುಗಳು 1ರಿಂದ 1.5 ವೋಲ್ಟಿಗೇ ಪೂರ್ತಿ ಶಕ್ತಿ ಕೊಡುತ್ತವೆ. ಸಿಡಿ 2 ವೋಲ್ಟ್ ಕೊಡುವಾಗ, ಅದರ ಮೇಲೆ ಪ್ರಿಆಂಪೂ ಹಿಗ್ಗಿಸುವಾಗ, ನಾಬು ತುದಿ ಮುಟ್ಟುವ ಎಷ್ಟೋ ಮೊದಲೇ ಪವರ್ ಆಂಪಿನ ಮಿತಿ ಮುಗಿದಿರುತ್ತದೆ. ನಾಬು ಸ್ವಲ್ಪ ಅಲುಗಿಸಿದರೂ ಮನೆ ನಡುಗುತ್ತದೆ ಎಂದಾದರೆ ಪವರ್ ಆಂಪಿನಲ್ಲಿ ಲೆವೆಲ್ ನಾಬ್ ಇದೆಯೇ ನೋಡಿ, ಅದನ್ನು ಇಳಿಸಿ.

ಬಾಸ್ ಮತ್ತು ಟ್ರೆಬಲ್ ನಡುವೆಯೇ ಇರಲಿ, ಮೊದಲ ಕೆಲವು ದಿನ. ಸ್ಪೀಕರನ್ನು ಮೂಲೆಯಿಂದ ಎಳೆದು, ಸರಿಸಿ ನೋಡಿದ ಮೇಲೂ ಕೊರತೆ ಅನ್ನಿಸಿದರೆ ತಿರುಗಿಸಿ. ಬಾಸನ್ನು 10 ಡೆಸಿಬಲ್ ಏರಿಸಿದರೆ ಆ ಕೆಳದನಿಗೆ ಪವರ್ ಆಂಪ್ 10 ಪಟ್ಟು ಶಕ್ತಿ ಕೊಡಬೇಕಾಗುತ್ತದೆ. ಮದುವೆ ಮನೆಯಲ್ಲಿ, ಹಬ್ಬದಲ್ಲಿ ಸ್ಪೀಕರ್ ಸುಡುವುದು ಹೆಚ್ಚಾಗಿ ಹೀಗೆ: ಬಾಸ್ ತುದಿಗೆ, ವಾಲ್ಯೂಮ್ ತುದಿಗೆ.

ಲೌಡ್‌ನೆಸ್ ಬಟನ್ ರಾತ್ರಿ ಮೆಲ್ಲಗೆ ಕೇಳುವವರಿಗೆ. ಸದ್ದು ಕಡಿಮೆಯಾದಂತೆ ನಮ್ಮ ಕಿವಿಗೆ ಬಾಸ್ ಕೇಳುವುದು ಬೇಗ ಕಡಿಮೆಯಾಗುತ್ತದೆ. ಆ ಕೊರತೆಯನ್ನು ಈ ಬಟನ್ ತುಂಬುತ್ತದೆ. ಜೋರಾಗಿ ಕೇಳುವಾಗ ಆಫ್ ಇರಲಿ. ಸಬ್‌ಸಾನಿಕ್ ಫಿಲ್ಟರ್ ತಟ್ಟೆ ಕೇಳುವಾಗ ಮಾತ್ರ ಆನ್ ಮಾಡಿ. ಸೊಟ್ಟಗಾದ ತಟ್ಟೆಯಿಂದ ಸ್ಪೀಕರಿನ ಕಾಗದ ಸುಮ್ನೆ ಮುಂದೆ ಹಿಂದೆ ಆಡುವುದನ್ನು ಅದು ತಡೆಯುತ್ತದೆ.

9. ಗುಂಯ್ ಸದ್ದು ಹುಡುಕುವುದು

ವಾಲ್ಯೂಮ್ ಏರಿಸಿ ಇಳಿಸಿ ನೋಡಿ. ಗುಂಯ್ ಸದ್ದೂ ಜೊತೆಗೆ ಏರಿಳಿದರೆ ತೊಂದರೆ ವಾಲ್ಯೂಮ್ ನಾಬಿಗಿಂತ ಮೊದಲು, ಅಂದರೆ ಮೂಲದಲ್ಲೋ ಮೂಲದ ವೈರಿನಲ್ಲೋ ಇದೆ. ಏರಿಳಿಯದೆ ಒಂದೇ ಮಟ್ಟದಲ್ಲಿದ್ದರೆ ನಾಬಿನ ನಂತರ, ಪವರ್ ಆಂಪಿನ ಕಡೆ ಇದೆ. ಈ ಒಂದು ಪರೀಕ್ಷೆ ಅರ್ಧ ಕೆಲಸ ಮುಗಿಸುತ್ತದೆ.

ಮೂಲದ ಕಡೆ ಎಂದು ತಿಳಿದರೆ, ಆಫ್ ಮಾಡಿ ಎಲ್ಲ ಕಿತ್ತು, ಒಂದೊಂದೇ ಹಾಕುತ್ತ ಬನ್ನಿ. ಹೆಚ್ಚಾಗಿ ಸಿಕ್ಕಿಬೀಳುವುದು ಎರಡು. ಒಂದು, ಲ್ಯಾಪ್‌ಟಾಪಿನ ಚಾರ್ಜರ್. ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಓಡಿಸಿ, ಸದ್ದು ನಿಂತರೆ ಅದೇ. ಎರಡು, ಟಿವಿಯ ಸೆಟ್‌ಟಾಪ್ ಬಾಕ್ಸಿಗೆ ಬರುವ ಡಿಶ್ ಅಥವಾ ಕೇಬಲ್ ವೈರು. ಡಿಶ್ ಮಾಡಿನ ಮೇಲೆ ಒಂದು ದಾರಿಯಲ್ಲಿ ನೆಲಕ್ಕೆ ತಾಗಿರುತ್ತದೆ, ನಿಮ್ಮ ಆಂಪ್ ಗೋಡೆಯ ಅರ್ಥಿನಲ್ಲಿ ಇನ್ನೊಂದು ದಾರಿಯಲ್ಲಿ ತಾಗಿರುತ್ತದೆ. ಎರಡು ದಾರಿ ಸೇರಿ ಒಂದು ಸುತ್ತು ಆಗುತ್ತದೆ, ಅದರಲ್ಲಿ 50 ಹರ್ಟ್ಸಿನ ಕರೆಂಟು ಹರಿದು ಗುಂಯ್ ಎನ್ನುತ್ತದೆ. ಇದನ್ನೇ ಗ್ರೌಂಡ್ ಲೂಪ್ ಎನ್ನುವುದು. ಟಿವಿಯಿಂದ ಆಪ್ಟಿಕಲ್ ವೈರು ಬಳಸಿದರೆ ಲೂಪ್ ಕಡಿದುಹೋಗುತ್ತದೆ, ಏಕೆಂದರೆ ಅದರಲ್ಲಿ ಹರಿಯುವುದು ಬೆಳಕು. ಇಲ್ಲವಾದರೆ ಆರ್‌ಸಿಎ ನಡುವೆ ಹಾಕುವ ಗ್ರೌಂಡ್ ಲೂಪ್ ಐಸೊಲೇಟರ್ ಸಿಗುತ್ತದೆ.

ಪವರ್ ಆಂಪಿನ ಕಡೆ ಎಂದಾದರೆ ಎರಡೂ ಯಂತ್ರಗಳನ್ನು ಒಂದೇ ಗೋಡೆ ಪ್ಲಗ್ಗಿನ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಕರೆಂಟಿನ ವೈರು ಮತ್ತು ಆರ್‌ಸಿಎ ವೈರು ಜೊತೆಜೊತೆಗೆ ಸುತ್ತಿ ಕಟ್ಟಿದ್ದರೆ ಬಿಡಿಸಿ. ಒಂದನ್ನೊಂದು ದಾಟಲೇಬೇಕಾದರೆ ಅಡ್ಡಲಾಗಿ ದಾಟಲಿ.

ಅರ್ಥ್ ಪಿನ್ನು ಮುರಿದರೆ ಸದ್ದು ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಸದ್ದು ಹೋಗಬಹುದು. ಜೊತೆಗೆ, ಒಳಗೆ ವೈರು ತಾಗಿದ ದಿನ ನಿಮ್ಮನ್ನು ಕಾಪಾಡಬೇಕಾದ ದಾರಿಯೂ ಹೋಗಿರುತ್ತದೆ.

ರೇಡಿಯೋ ಟ್ಯೂನರಿನಲ್ಲಿ ಭದ್ರಾವತಿ ಆಕಾಶವಾಣಿಯ ಮೀಡಿಯಂ ವೇವ್ ಹಾಕಿದಾಗ ಕರಕರ ಜಾಸ್ತಿಯಾದರೆ ಪ್ರಿಆಂಪನ್ನು ಬೈಯಬೇಡಿ. ಮನೆಯ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರುಗಳನ್ನು ಒಂದೊಂದಾಗಿ ಆರಿಸಿ ನೋಡಿ.

10. ಮಳೆ, ಸಿಡಿಲು, ಇಲಿ

ಮುಂಗಾರಿಗೆ ಮುಂಚಿನ ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯೇ ಆಂಪುಗಳನ್ನು ಹೆಚ್ಚು ಕೊಲ್ಲುವುದು. ಗುಡುಗು ದೂರದಲ್ಲಿ ಕೇಳಿದಾಗಲೇ ಪ್ಲಗ್ಗು ಗೋಡೆಯಿಂದ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಸ್ವಿಚ್ಚಿನೊಳಗಿನ ಆ ಚೂರು ಅಂತರವನ್ನು ಸಿಡಿಲು ಸಲೀಸಾಗಿ ಹಾರುತ್ತದೆ. ಡಿಶ್ ವೈರು, ಎಫ್‌ಎಂ ಆಂಟೆನಾ ವೈರನ್ನೂ ತೆಗೆಯಿರಿ. ಎಷ್ಟೋ ಸಲ ಹೊಡೆತ ಬರುವುದು ಆ ದಾರಿಯಲ್ಲಿ. ಸಿಡಿಲು ನೆತ್ತಿಯ ಮೇಲೆ ಬಂದುಬಿಟ್ಟಿದ್ದರೆ ಮಾತ್ರ ವೈರು ಮುಟ್ಟಲು ಹೋಗಬೇಡಿ. ಸರ್ಜ್ ಪ್ರೊಟೆಕ್ಟರ್ ಬೋರ್ಡು ಸಣ್ಣಪುಟ್ಟ ಏರಿಳಿತಕ್ಕೆ ಒಳ್ಳೆಯದು. ಹತ್ತಿರ ಬಿದ್ದ ಸಿಡಿಲಿಗೆ ಅದು ಅಡ್ಡ ನಿಲ್ಲುವುದಿಲ್ಲ.

ಜೂನಿನಿಂದ ಸೆಪ್ಟೆಂಬರ್‌ವರೆಗೆ ತೇವದ ಕಾಲ. ಆಗ ಪ್ರಿಆಂಪನ್ನು ಮುಚ್ಚಿಟ್ಟು ಮರೆಯಬೇಡಿ. ದಿನಕ್ಕೆ ಅರ್ಧ ಗಂಟೆಯಾದರೂ ಹಾಡಿಸಿ, ಒಳಗಿನ ಬಿಸಿಗೆ ತೇವ ಆರುತ್ತದೆ. ಪ್ಲಾಸ್ಟಿಕ್ ಹೊದಿಕೆ ಬೇಡ, ಅದರೊಳಗೆ ನೀರು ಕಟ್ಟುತ್ತದೆ. ಧೂಳಿಗೆ ಹತ್ತಿಬಟ್ಟೆ ಸಾಕು, ಅದೂ ಯಂತ್ರ ತಣ್ಣಗಾದ ಮೇಲೆ.

ನಾಬು ತಿರುಗಿಸಿದಾಗ ಕರಕರ ಅಂದರೆ, ಒಂದು ಬದಿಯ ಸದ್ದು ಹೋಗಿ ಬಂದು ಮಾಡಿದರೆ, ಒಳಗಿನ ಲೋಹಕ್ಕೆ ಕಿಲುಬು ಕಟ್ಟಿದೆ. ಪ್ಲಗ್ಗು ಕಿತ್ತು ಪ್ರತಿ ನಾಬನ್ನು, ಸ್ವಿಚ್ಚನ್ನು ಆ ತುದಿಯಿಂದ ಈ ತುದಿಗೆ ಹಲವು ಸಲ ತಿರುಗಿಸಿ. ಅರ್ಧಕ್ಕರ್ಧ ಇದರಲ್ಲೇ ಸರಿಹೋಗುತ್ತದೆ. ಹೋಗದಿದ್ದರೆ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಕೇಳಿ. ಬಾಗಿಲ ತಿರುಗಣೆಗೆ ಹೊಡೆಯುವ ತುಕ್ಕಿನ ಸ್ಪ್ರೇ, ತೆಂಗಿನೆಣ್ಣೆ, ಸೀಮೆಎಣ್ಣೆ ಯಾವುದೂ ಬೇಡ. ವಾಲ್ವ್ ಪ್ರಿಆಂಪ್ ಆದರೆ ಮುಚ್ಚಳ ನೀವೇ ತೆಗೆಯಬೇಡಿ. ಪ್ಲಗ್ಗು ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ, ಅಂದರೆ ಕರೆಂಟು ಕೂಡಿಟ್ಟುಕೊಳ್ಳುವ ಭಾಗಗಳಲ್ಲಿ, ನೂರಾರು ವೋಲ್ಟ್ ನಿಂತಿರುತ್ತದೆ.

ಇಲಿ, ಹಲ್ಲಿ, ಇರುವೆಗೆ ಬೆಚ್ಚಗಿನ ಆಂಪ್ ಅಂದರೆ ಇಷ್ಟ. ವೈರುಗಳನ್ನು ಪಿವಿಸಿ ಪೈಪಿನೊಳಗೆ ಹಾಯಿಸಿ. ಗಾಳಿ ತೂತುಗಳನ್ನು ಮುಚ್ಚದೆ, ಕಪಾಟಿನ ಹಿಂದೆ ಸಣ್ಣ ಕಣ್ಣಿನ ಜಾಲರಿ ಬಡಿಯಿರಿ.

ಫ್ಯೂಸ್ ಹೋದರೆ ಅದೇ ಅಳತೆಯದನ್ನೇ ಹಾಕಿ. ಗಾಜಿನ ಫ್ಯೂಸಿನ ಲೋಹದ ಟೊಪ್ಪಿಯ ಮೇಲೆ ಆಂಪಿಯರ್ ಬರೆದಿರುತ್ತದೆ. ಮೀಟರ್ ಬೋರ್ಡಿನ ಕಿಟ್‌ಕ್ಯಾಟಿಗೆ ತಂತಿ ಸುತ್ತಿದಂತೆ ಇದಕ್ಕೆ ಸುತ್ತಬಾರದು. ಹೊಸದು ಹಾಕಿದ ಕೂಡಲೇ ಅದೂ ಹೋದರೆ ಮೂರನೆಯದನ್ನು ಹಾಕಬೇಡಿ, ಒಳಗೆ ಏನೋ ಸುಟ್ಟಿದೆ.

ರಿಪೇರಿಗೆ ಒಯ್ಯುವಾಗ ಪ್ರಿಆಂಪನ್ನು ಮಾತ್ರ ಒಯ್ದರೆ ಅಲ್ಲಿ ಎಲ್ಲ ಸರಿಯಾಗಿಯೇ ಹಾಡುವ ಸಂಭವ ಇದೆ. ಆರ್‌ಸಿಎ ವೈರುಗಳನ್ನೂ ಜೊತೆಗೆ ಕೊಂಡೊಯ್ಯಿರಿ. ಯಾವ ಬದಿ, ಯಾವ ಮೂಲದಲ್ಲಿ, ವಾಲ್ಯೂಮ್ ಜೊತೆ ಏರಿಳಿಯುತ್ತದೋ ಇಲ್ಲವೋ, ಆನ್ ಮಾಡಿದ ಕೂಡಲೇ ಬರುತ್ತದೋ ಬಿಸಿಯಾದ ಮೇಲೋ, ಈ ನಾಲ್ಕನ್ನು ಒಂದು ಚೀಟಿಯಲ್ಲಿ ಬರೆದು ಮೇಲೆ ಅಂಟಿಸಿ ಕೊಡಿ.